ಚಿತ್ರಕಥೆ: ಕಸುಬು ಮತ್ತು ಸ್ವಾಮ್ಯ

ಚಲಚ್ಚಿತ್ರವು ನಮ್ಮ ಕಾಲದ ಅತ್ಯಂತ ಪ್ರಭಾವಶಾಲಿಯಾದ ಕಥನಮಾಧ್ಯಮವೆಂಬುದನ್ನು ಈಗ ಯಾರೂ ಅಲ್ಲಗಳೆಯಲಾರರು. ಹಾಗಿದ್ದರೂ ಅದರ ಬುಡದಲ್ಲಿರುವ ಬರವಣಿಗೆಯನ್ನು ಕುರಿತು ನಮ್ಮ ಸಾಹಿತ್ಯವಿಚಾರದಲ್ಲಿ ನಡೆದಿರುವ ಚರ್ಚೆ ಅಲ್ಪ. ನಾಟಕಕ್ಕೆ ಲಕ್ಷಣಗ್ರಂಥಗಳುಂಟು, ಕಾದಂಬರಿಗೆ ವಿಮರ್ಶೆಯುಂಟು. ಚಿತ್ರಕಥೆಗೆ ಇವೆರಡೂ ದೊರೆಯದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ಅದನ್ನು ಬರೆಯುವುದು ವಾಚಕರಿಗಾಗಿ ಅಲ್ಲ. ನಿರ್ದೇಶಕ, ಛಾಯಾಗ್ರಾಹಕ, ನಟ, ಸಂಕಲನಕಾರ, ಹಣ ಹೂಡುವವ ಇವರಿಗಾಗಿ. ಚಿತ್ರ ಸಿದ್ಧವಾದೊಡನೆ ಹಸ್ತಪ್ರತಿ ಕಪಾಟನ್ನು ಸೇರುತ್ತದೆ, ಇಲ್ಲವೆ ರದ್ದಿಗೆ ಹೋಗುತ್ತದೆ. ಮನೆ ಕಟ್ಟಿ ಮುಗಿದ ಮೇಲೆ ನಕ್ಷೆಯನ್ನು ಕೇಳುವವರಾರು? ತಂಟೆ ಬಂದಾಗ ಮಾತ್ರ ಎಲ್ಲರೂ ಕೇಳುತ್ತಾರೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲಸಿದ ನಮ್ಮ ತರುಣರಲ್ಲಿ ಚಿತ್ರಗಳಿಗೆ ಬರೆಯಬೇಕೆಂಬ ಆಸೆಯುಳ್ಳವರು ಕಡಮೆಯಿಲ್ಲ. ಅವರೊಡನೆ ಮಾತಿಗೆ ಕುಳಿತರೆ ಮೊದಲು ಕೇಳಿಬರುವ ವಾಕ್ಯ, "ನನ್ನಲ್ಲೊಂದು ಕಥೆಯಿದೆ." ಕಥೆ ಒಬ್ಬನಲ್ಲಿ ಇರುವುದೆಂದರೆ ಏನು? ಯಾವಾಗ ಅದು ಅವನದಾಗುತ್ತದೆ? ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಟ್ಟಿದೆ, ಕಸುಬೂ ಒಂದು ಉತ್ತರ ಕೊಡುತ್ತದೆ. ಎರಡು ಉತ್ತರಗಳೂ ಒಂದೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1978ರ ಆಗಸ್ಟಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಇತ್ಯರ್ಥಪಡಿಸಿದ ಒಂದು ದಾವೆಯಿಂದ ಆರಂಭಿಸುವುದು ಅನುಕೂಲ. ವಾದಿಯಾದ ಆರ್. ಜಿ. ಆನಂದ್ ವೃತ್ತಿಯಿಂದ ವಾಸ್ತುಶಿಲ್ಪಿ, ಪ್ರವೃತ್ತಿಯಿಂದ ನಾಟಕಕಾರರು. 1953ರಲ್ಲಿ ಅವರು 'ಹಮ್ ಹಿಂದುಸ್ತಾನಿ' ಎಂಬ ಹಿಂದೀ ನಾಟಕವನ್ನು ರಚಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಅದು ದಿಲ್ಲಿಯಲ್ಲಿ ರಂಗವನ್ನೇರಿತು. ದಿಲ್ಲಿಯಲ್ಲಿ ಅಕ್ಕಪಕ್ಕದಲ್ಲಿ ವಾಸಿಸುವ ಒಂದು ಪಂಜಾಬಿ ಕುಟುಂಬ, ಒಂದು ಮದರಾಸಿ ಕುಟುಂಬ. ಎರಡು ಮನೆಯ ಮಕ್ಕಳಲ್ಲಿ ಪ್ರೇಮ. ಹಿರಿಯರ ಪ್ರಾಂತಾಭಿಮಾನದಿಂದ ಮದುವೆಗೆ ಅಡ್ಡಿ. ಪರಸ್ಥಳದಲ್ಲಿ ಬಾಳುತ್ತಿರುವ ನಮಗೆ ಈ ವಸ್ತುವಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 1954ರ ಕೊನೆಯಲ್ಲಿ ಮುಂಬಯಿಯ ಚಿತ್ರನಿರ್ದೇಶಕ ಮೋಹನ್ ಸೆಹಗಲ್ ಈ ನಾಟಕದಲ್ಲಿ ಆಸಕ್ತಿ ತೋರಿ ಪತ್ರ ಬರೆದರು. 1955ರ ಜನವರಿಯಲ್ಲಿ ಅವರು ದಿಲ್ಲಿಗೆ ಬಂದಾಗ ಆನಂದರು ಇಡೀ ನಾಟಕವನ್ನು ಅವರೆದುರು ಓದಿ ಹೇಳಿದರು. ಒಡಂಬಡಿಕೆಯೇನೂ ಆಗಲಿಲ್ಲ. 1956ರಲ್ಲಿ ಸೆಹಗಲ್ ಅವರ 'ನ್ಯೂ ಡೆಲ್ಲಿ' ಚಿತ್ರ ಬಿಡುಗಡೆಯಾಯಿತು. ಅದರಲ್ಲಿ ಕಿಶೋರ್ ಕುಮಾರ್ ಅಭಿನಯಿಸಿದ ಪಂಜಾಬಿ ತರುಣನಿಗೆ ದಿಲ್ಲಿಯಲ್ಲಿ ಬಾಡಿಗೆಗೆ ಕೋಣೆ ಸಿಗುವುದಿಲ್ಲ. ತಾನು ತಮಿಳನೆಂದು ನಟಿಸಿ ಅವನು ವಸತಿ ಪಡೆಯುತ್ತಾನೆ. ವೈಜಯಂತಿಮಾಲಾ ಅಭಿನಯಿಸಿದ ತಮಿಳು ಕನ್ಯೆಯಲ್ಲಿ ಅನುರಕ್ತನಾಗುತ್ತಾನೆ.

ಆನಂದರು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಸೋತರು, ದಿಲ್ಲಿಯ ಉಚ್ಚ ನ್ಯಾಯಾಲಯದಲ್ಲಿ ಸೋತರು, ಚಿತ್ರ ತೆರೆಕಂಡು ಇಪ್ಪತ್ತೆರಡು ವರ್ಷಗಳಾದ ಮೇಲೆ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಸೋತರು. ನ್ಯಾಯಮೂರ್ತಿ ಫಜಲ್ ಅಲಿ ಬರೆದ ತೀರ್ಪಿನ ತಾತ್ಪರ್ಯ ಹೀಗಿದೆ: ಕಲ್ಪನೆಗೆ, ವಸ್ತುವಿಗೆ, ಕಥೆಯ ಹಂದರಕ್ಕೆ, ಐತಿಹಾಸಿಕ ಅಥವಾ ಪೌರಾಣಿಕ ಸಂಗತಿಗೆ ಯಾರ ಸ್ವಾಮ್ಯವೂ ಇಲ್ಲ, ಸ್ವಾಮ್ಯವಿರುವುದು ಅದನ್ನು ನಿರೂಪಿಸಿದ ರೀತಿಗೆ, ಜೋಡಣೆಗೆ, ಅಭಿವ್ಯಕ್ತಿಗೆ. ವಸ್ತು ಒಂದೇ ಆಗಿದ್ದರೂ ನಿರ್ವಹಣೆ ಬೇರೆಯಾದರೆ ಅದು ಹೊಸ ಕೃತಿ. ನಾಟಕದಲ್ಲಿ ಪ್ರಾಂತೀಯತೆ ವಿವಾಹದ ಪ್ರಶ್ನೆಯಲ್ಲಿ ಮಾತ್ರ ಕಾಣಿಸುತ್ತದೆ. ಚಿತ್ರದಲ್ಲಿ ಮನೆ ಬಾಡಿಗೆಯ ಪ್ರಶ್ನೆಯಲ್ಲಿಯೂ ಬರುತ್ತದೆ, ಅದರೊಡನೆ ವರದಕ್ಷಿಣೆಯ ಕೇಡೂ ಸೇರುತ್ತದೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಒಂದು ಇನ್ನೊಂದರ ನಕಲೆಂದು ಅನ್ನಿಸದು. ನ್ಯಾಯಮೂರ್ತಿ ಪಾಠಕರು ತಮ್ಮ ಸಹಮತವನ್ನು ಪ್ರತ್ಯೇಕವಾಗಿ, ತುಸು ಹಿಂಜರಿಕೆಯಿಂದಲೇ ದಾಖಲಿಸಿದರು. ಆ ಹಿಂಜರಿಕೆಯಲ್ಲಿ ನನಗೂ ಪಾಲುಂಟು. ಆದರೆ ತೀರ್ಪು ನಿಂತಿದೆ. ಇಂದಿಗೂ ಕಥೆಯ ಕಳವಿನ ವ್ಯಾಜ್ಯಗಳಲ್ಲೆಲ್ಲ ಅದನ್ನೇ ಮೊದಲು ಉದ್ಧರಿಸುತ್ತಾರೆ.

ಬ್ಯಾಂಕಿನಲ್ಲಿ ದಸ್ತಾವೇಜುಗಳನ್ನು ನೋಡುತ್ತ ವರ್ಷಗಳನ್ನು ಕಳೆದವನಿಗೆ ಈ ತರ್ಕ ಅಪರಿಚಿತವಲ್ಲ. "ಊರಾಚೆ ನನ್ನದೊಂದು ಹೊಲವಿದೆ" ಎಂದರೆ ಸಾಲ ಹುಟ್ಟುವುದಿಲ್ಲ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಚಕ್ಕುಬಂದಿ ಬೇಕು. ಕಥೆಗೂ ಹಾಗೆಯೇ. ಇಬ್ಬರು ಭಿನ್ನ ಪ್ರಾಂತದ ಪ್ರೇಮಿಗಳೆಂಬುದು ಬಯಲು. ಎಲ್ಲರ ದನವೂ ಅಲ್ಲಿ ಮೇಯಬಹುದು. ಆ ಪ್ರೇಮಿಗಳು ಯಾವ ಬಾಗಿಲಲ್ಲಿ, ಯಾವ ಸುಳ್ಳಿನಿಂದ, ಯಾರ ಕಣ್ಣಿಗೆ ಬಿದ್ದು ಪರಸ್ಪರ ಪರಿಚಿತರಾದರು ಎಂಬುದೇ ಚಕ್ಕುಬಂದಿ. ಅದನ್ನು ಹಾಕುವ ಕೆಲಸಕ್ಕೆ ಚಿತ್ರಕಥೆಯೆಂದು ಹೆಸರು.

ಈ ಕೆಲಸದ ಸ್ವರೂಪವನ್ನು ಎಲ್ಲರೂ ನೋಡಿರುವ ಒಂದು ಚಿತ್ರದಿಂದ ವಿವರಿಸಬಹುದು. 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ'ಯನ್ನು ಬರೆದವರು ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್. ಅದರ ಬಂಡೆಗಳು ನಮ್ಮ ರಾಮನಗರದವು. ಹಳ್ಳಿಯನ್ನು ದರೋಡೆಕೋರರಿಂದ ಕಾಪಾಡಲು ಬಾಡಿಗೆಯ ವೀರರನ್ನು ಕರೆತರುವ ವಸ್ತು ಅವರದಲ್ಲ. 1954ರಲ್ಲಿ ಕುರೊಸಾವ ಅದನ್ನು ಜಪಾನಿನಲ್ಲಿ ಚಿತ್ರಿಸಿದ್ದರು. 1960ರಲ್ಲಿ ಅಮೆರಿಕದವರು ಅದನ್ನು ತಮ್ಮದಾಗಿಸಿಕೊಂಡರು. ಹಿಂದಿಯಲ್ಲಿಯೇ 'ಮೇರಾ ಗಾಂವ್ ಮೇರಾ ದೇಶ್' 1971ರಲ್ಲಿಯೂ 'ಖೋಟೇ ಸಿಕ್ಕೇ' 1974ರಲ್ಲಿಯೂ ಬಂದಿದ್ದವು. ಹಾಗಾದರೆ ಈ ಜೋಡಿಯ ಸ್ವಂತ ಗಳಿಕೆ ಯಾವುದು?

ಠಾಕೂರನಿಗೆ ಎರಡೂ ಕೈಗಳಿಲ್ಲ. ಇದು ಸಂಗತಿ. ಪ್ರೇಕ್ಷಕನಿಗೆ ಇದು ತಿಳಿಯುವುದು ಯಾವಾಗ ಎಂಬುದು ಚಿತ್ರಕಥೆ. ಚಿತ್ರದ ಆರಂಭದಲ್ಲಿಯೇ ರೈಲಿನ ಪ್ರಸಂಗದಲ್ಲಿ ಪೊಲೀಸ್ ಅಧಿಕಾರಿಯಾದ ಠಾಕೂರ ಬಂದೂಕು ಹಿಡಿದು ಹೋರಾಡುವುದನ್ನು ನಾವು ಕಂಡಿದ್ದೇವೆ; ಆದುದರಿಂದ ವರ್ತಮಾನದಲ್ಲಿ ಅವನು ಸದಾ ಶಾಲು ಹೊದ್ದಿರುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಹೋಳಿಯ ದಿನ ದಾಳಿ ನಡೆಯುತ್ತದೆ; ಬಂದೂಕು ಠಾಕೂರನ ಕಾಲ ಬಳಿಯಲ್ಲಿಯೇ ಬಿದ್ದಿದೆ; ಅವನು ಬಗ್ಗುವುದಿಲ್ಲ. ಅವನನ್ನು ಹೇಡಿಯೆಂದು ಜಯ್ ಮತ್ತು ವೀರು ಭಾವಿಸುತ್ತಾರೆ, ನಾವೂ ಭಾವಿಸುತ್ತೇವೆ. ಆಮೇಲೆ ಅವನ ಪೂರ್ವಕಥೆ. ಅದರ ತುದಿಯಲ್ಲಿ ಶಾಲು ಜಾರುತ್ತದೆ. ಇದೇ ಸಂಗತಿಯನ್ನು ಮೊದಲ ದೃಶ್ಯದಲ್ಲಿಯೇ ತಿಳಿಸಿದ್ದರೆ ಕರುಣೆಯೊಂದು ಹುಟ್ಟುತ್ತಿತ್ತು. ತಡೆದುದರಿಂದ ನಮ್ಮ ತಪ್ಪು ತೀರ್ಪಿನ ನಾಚಿಕೆಯೂ ಆ ಕರುಣೆಯೊಡನೆ ಸೇರಿತು. ಜಯ್‌ನ ನಾಣ್ಯವೂ ಅಂಥದೇ. ಸಂದೇಹ ಬಂದಾಗಲೆಲ್ಲ ಅವನು ನಾಣ್ಯ ಚಿಮ್ಮುತ್ತಾನೆ, ವಿಧಿಯ ಮಾತನ್ನು ಕೇಳುತ್ತಾನೆ, ನಗುತ್ತ ನೋಡುತ್ತೇವೆ. ಅವನು ಸತ್ತ ಮೇಲೆ ವೀರುವಿನ ಕೈಯಲ್ಲಿ ಆ ನಾಣ್ಯದ ಎರಡು ಮುಖಗಳೂ ಒಂದೇ ಎಂದು ತಿಳಿಯುತ್ತದೆ. ವಿಧಿಯೆಂದುಕೊಂಡುದೆಲ್ಲ ಸ್ನೇಹಿತನ ನಿರ್ಧಾರವಾಗಿತ್ತು. ಸಾವಿನ ಬಳಿ ಒಂದೂ ಮಾತಿಲ್ಲದೆ ಈ ಅರ್ಥ ಹೊರಡಬೇಕಾದರೆ ಎರಡೂವರೆ ಗಂಟೆ ಮೊದಲೇ ನಾಣ್ಯವನ್ನು ಅವನ ಜೇಬಿನಲ್ಲಿ ಇಟ್ಟಿರಬೇಕು.

ಚಿತ್ರಕಥೆಗಾರನ ಮುಖ್ಯ ಸಾಮಗ್ರಿ ಹೀಗೆ ತಿಳಿವಿನ ಹಂಚಿಕೆ. ಯಾವ ಪಾತ್ರಕ್ಕೆ ಏನು ಗೊತ್ತು, ಪ್ರೇಕ್ಷಕನಿಗೆ ಏನು ಗೊತ್ತು, ಇವೆರಡರ ನಡುವಣ ಅಂತರ ಎಲ್ಲಿ ಹಿಗ್ಗಬೇಕು, ಎಲ್ಲಿ ಮುಚ್ಚಬೇಕು. ಮಾತು ಅದರ ಮೇಲಿನ ಹೊದಿಕೆ. ನಮ್ಮ ಬರಹಗಾರರಲ್ಲಿ ಅನೇಕರು ಇದನ್ನು ತಿರುವುಮುರುವಾಗಿ ತಿಳಿದು ಮೊದಲು ಸಂಭಾಷಣೆ ಬರೆಯಲು ಕೂಡುತ್ತಾರೆ; ಕಾದಂಬರಿಯ ಅಭ್ಯಾಸವುಳ್ಳವರಂತೂ ಪಾತ್ರದ ಮನಸ್ಸಿನಲ್ಲಿ ನಡೆದುದನ್ನು ಪುಟಗಟ್ಟಲೆ ವರ್ಣಿಸುತ್ತಾರೆ. ಕ್ಯಾಮರಾ ಮನಸ್ಸನ್ನು ಕಾಣಲಾರದು. ಬಗ್ಗದೆ ನಿಂತ ಮನುಷ್ಯನನ್ನು ಮಾತ್ರ ಅದು ಕಂಡೀತು.

ಹಿಂದೀ ಚಿತ್ರಗಳಲ್ಲಿ ಈ ಬರವಣಿಗೆಯನ್ನು ಕಥೆ, ಚಿತ್ರಕಥೆ, ಸಂಭಾಷಣೆಯೆಂದು ಮೂರು ಹೋಳಾಗಿ ಒಡೆದು ಮೂವರಿಗೆ ಹಂಚುವ ರೂಢಿಯುಂಟು. ಮಾತು ಬಂದ ಕಾಲದಲ್ಲಿ ಮಾತು ಬಲ್ಲವರನ್ನು ರಂಗಭೂಮಿಯಿಂದ ಕರೆಸಿದುದರ ಫಲವಿದು. ಕನ್ನಡದಲ್ಲಿಯೂ ಅದೇ ಆಯಿತು. 1934ರ 'ಸತಿ ಸುಲೋಚನಾ' ನಮ್ಮ ಮೊದಲ ವಾಕ್ಚಿತ್ರ. ಅದಕ್ಕೆ ಬರೆದವರು ರಂಗನಾಟಕಗಳ ಬೆಳ್ಳಾವೆ ನರಹರಿಶಾಸ್ತ್ರಿಗಳು. ಚಿತ್ರ ತಯಾರಾದುದು ಕೊಲ್ಹಾಪುರದಲ್ಲಿ. ಮುಂದೆ ದಶಕಗಳ ಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿಯೇ ಹುಟ್ಟಿದವು; ಹುಣಸೂರು ಕೃಷ್ಣಮೂರ್ತಿ, ಜಿ. ವಿ. ಅಯ್ಯರ್, ಕು. ರಾ. ಸೀ., ಚಿ. ಸದಾಶಿವಯ್ಯ ಮೊದಲಾದವರ ಲೇಖನಿ ಕನ್ನಡ ಬೀದಿಗಳಿಂದ ದೂರವಿದ್ದು ಕನ್ನಡವನ್ನು ಆಡಿಸಿತು. ಹೊರನಾಡಿನ ಕನ್ನಡ ಬರವಣಿಗೆಯ ಇತಿಹಾಸದಲ್ಲಿ ಇವರಿಗೆ ಸಲ್ಲಬೇಕಾದ ಅಧ್ಯಾಯವನ್ನು ನಮ್ಮ ಸಂಘಗಳಾದರೂ ಬರೆಯಬೇಕಾಗಿತ್ತು. ಅವರ ಕಾಲದ ಶೀರ್ಷಿಕೆಗಳಲ್ಲಿ ಮಾತು ಹಾಡುಗಳೆರಡಕ್ಕೂ 'ಸಾಹಿತ್ಯ' ಎಂಬ ಒಂದೇ ಪದ ಕಾಣುವುದುಂಟು. ಕಟ್ಟಡದ ಶ್ರಮ ಬಹುಮಟ್ಟಿಗೆ ನಿರ್ದೇಶಕನ ಹೆಸರಿನಲ್ಲಿ ಅಡಗಿಹೋಯಿತು. 1972ರ 'ನಾಗರಹಾವು' ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಚಿತ್ರ. ಮೂರು ಕೃತಿಗಳಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು, ರಾಮಾಚಾರಿಯ ಬದುಕಿನ ಯಾವ ಗಳಿಗೆಗೆ ಯಾವುದನ್ನು ಹೊಂದಿಸಬೇಕು ಎಂಬ ಪ್ರಶ್ನೆಗಳಿಗೆ ಕಾದಂಬರಿಕಾರರ ಪುಟಗಳಲ್ಲಿ ಉತ್ತರವಿಲ್ಲ. ಲೇಖಕರಿಗೆ ಚಿತ್ರ ತೃಪ್ತಿ ಕೊಡಲಿಲ್ಲವೆಂಬುದು ಪ್ರಸಿದ್ಧವಾಗಿದೆ; ಪ್ರೇಕ್ಷಕರು ಅದನ್ನು ಇಂದಿಗೂ ಮರೆತಿಲ್ಲವೆಂಬುದೂ ಅಷ್ಟೇ ಪ್ರಸಿದ್ಧ.

ಸಲೀಂ-ಜಾವೇದರ ಇನ್ನೊಂದು ಹೆಚ್ಚಳವೆಂದರೆ, ಕಥೆಯನ್ನೂ ಚಿತ್ರಕಥೆಯನ್ನೂ ಸಂಭಾಷಣೆಯನ್ನೂ ಒಟ್ಟಾಗಿ ತಮ್ಮ ಕೈಯಲ್ಲಿಟ್ಟುಕೊಂಡು ಪೂರ್ಣ ಪ್ರತಿಯನ್ನು ನಿರ್ಮಾಪಕರಿಗೆ ಒಪ್ಪಿಸತೊಡಗಿದುದು. ದಿನದ ದೃಶ್ಯವನ್ನು ಆಯಾ ದಿನ ಬೆಳಿಗ್ಗೆ ಬರೆದುಕೊಡುವ ಮುಂಬಯಿಯಲ್ಲಿ ಇದು ಸಣ್ಣ ಸುಧಾರಣೆಯಲ್ಲ. ಹೆಸರಿನ ಮಹತ್ವವನ್ನೂ ಅವರು ಬಲ್ಲರು. 1973ರಲ್ಲಿ 'ಜಂಜೀರ್' ತೆರೆಕಂಡಾಗ ಭಿತ್ತಿಪತ್ರಗಳಲ್ಲಿ ತಮ್ಮ ಹೆಸರಿಲ್ಲದುದನ್ನು ಕಂಡು, ಬಣ್ಣ ಬಳಿಯುವವನನ್ನು ಗೊತ್ತುಮಾಡಿ, ಊರಿನ ಭಿತ್ತಿಪತ್ರಗಳ ಮೇಲೆಲ್ಲ ಹೆಸರು ಅಚ್ಚೊತ್ತಿಸಿದ ವೃತ್ತಾಂತವನ್ನು ಅವರೇ ಹೇಳಿದ್ದಾರೆ. ಇದನ್ನು ಬರಿಯ ಪ್ರಚಾರಪ್ರಿಯತೆಯೆಂದು ನಗುವವರುಂಟು. ಹೆಸರು ಗೋಡೆಯ ಮೇಲೆ ಬಿದ್ದ ಮೇಲೆಯೇ ಸಂಭಾವನೆಯ ಮಾತನ್ನು ಗಟ್ಟಿಯಾಗಿ ಆಡಲು ಬಂತೆಂಬುದನ್ನು ಅವರು ಗಮನಿಸಬೇಕು. ನಲವತ್ತು ವರ್ಷಗಳ ಬಳಿಕ, 2013ರಲ್ಲಿ, ಅದೇ 'ಜಂಜೀರ್' ಮತ್ತೆ ನಿರ್ಮಾಣವಾದಾಗ ಕಥೆಯ ಹಕ್ಕನ್ನು ಮುಂದಿಟ್ಟು ಇಬ್ಬರೂ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು.

ಇನ್ನು ಕಾಯಿದೆಯ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆಯನ್ನು ವ್ಯಾಖ್ಯಾನಿಸುತ್ತ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ, ನಿರ್ಮಾಪಕನು ಹಣ ಕೊಟ್ಟು ಬರೆಯಿಸಿದ ಗೀತ ಸಂಗೀತಗಳಿಗೆ, ವಿರುದ್ಧ ಕರಾರು ಇಲ್ಲದ ಪಕ್ಷದಲ್ಲಿ, ಅವನೇ ಮೊದಲ ಒಡೆಯನೆಂದು ಹೇಳಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿಗೆ ಒಪ್ಪಿಯೂ ಕಲಾವಿದರ ಪರವಾಗಿ ಒಂದು ಅಡಿಟಿಪ್ಪಣಿ ಸೇರಿಸಿದರು. ಆ ಟಿಪ್ಪಣಿಯ ಆಶಯ ಶಾಸನವಾಗಲು ಮೂವತ್ತೈದು ವರ್ಷ ಹಿಡಿಯಿತು. 2012ರ ತಿದ್ದುಪಡಿಗಾಗಿ ರಾಜ್ಯಸಭೆಯಲ್ಲಿ ವಾದಿಸಿದವರಲ್ಲಿ ಆಗ ನಾಮಕರಣ ಸದಸ್ಯರಾಗಿದ್ದ ಜಾವೇದ್ ಅಖ್ತರರೂ ಒಬ್ಬರು. ಚಿತ್ರಮಂದಿರದಲ್ಲಿ ಚಿತ್ರದೊಡನೆ ನಡೆಯುವ ಪ್ರದರ್ಶನವನ್ನು ಬಿಟ್ಟು ಉಳಿದ ಬಳಕೆಗಳಿಗೆಲ್ಲ ಬರುವ ಗೌರವಧನದಲ್ಲಿ ಲೇಖಕನಿಗೆ ಸಮಪಾಲು. ಆ ಪಾಲನ್ನು ಅವನು ಮಾರಲೂ ಬಿಟ್ಟುಕೊಡಲೂ ಬಾರದು. ಹಾಗೆ ಬಿಟ್ಟುಕೊಟ್ಟ ಕರಾರು ಆ ಮಟ್ಟಿಗೆ ಶೂನ್ಯ. ಚಿತ್ರದಲ್ಲಿ ಸೇರಿದ ಸಾಹಿತ್ಯಕೃತಿಯೆಂಬ ಮಾತು ಕಾಯಿದೆಯಲ್ಲಿರುವುದರಿಂದ ಚಿತ್ರಕಥೆಗೂ ಇದು ಅನ್ವಯಿಸಬೇಕು. ಹಾಡುಗಳಿಗಾದರೋ 1969ರಿಂದಲೇ ಐ.ಪಿ.ಆರ್.ಎಸ್. ಎಂಬ ಸಂಘವಿತ್ತು, ಚಿತ್ರಕಥೆಗಾರರಿಗೆ ಅಂಥ ವಸೂಲಿ ವ್ಯವಸ್ಥೆ ದೀರ್ಘಕಾಲ ಇರಲಿಲ್ಲ. ಹಕ್ಕು ಇದ್ದೂ ರಸೀದಿ ಇಲ್ಲದ ಸ್ಥಿತಿ.

ಒಡಂಬಡಿಕೆಯ ವಿವರಗಳಲ್ಲಿ ಲೇಖಕರು ತೋರುವ ಔದಾಸೀನ್ಯ ಆಶ್ಚರ್ಯಕರವಾದುದು. ಸಾವಿರ ರೂಪಾಯಿಯ ಠೇವಣಿಗೆ ಮೂರು ಸಲ ರಸೀದಿ ಪರೀಕ್ಷಿಸುವವರು ಎರಡು ವರ್ಷದ ಬರವಣಿಗೆಯನ್ನು ಬಾಯಿಮಾತಿಗೆ ಒಪ್ಪಿಸುತ್ತಾರೆ. ಸ್ವಾಮ್ಯದ ವರ್ಗಾವಣೆ ಬರಹದಲ್ಲಿ, ಸಹಿಯೊಡನೆ ಆಗದಿದ್ದರೆ ಅದು ವರ್ಗಾವಣೆಯೇ ಅಲ್ಲ. ಅವಧಿಯನ್ನು ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ಕಾಯಿದೆ ತಿಳಿಯುತ್ತದೆ. ಹಕ್ಕು ಪಡೆದವನು 1 ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷಕ್ಕೆ, ಅದು ಬಿದ್ದುಹೋಗುತ್ತದೆ. ನಿರ್ಮಾಪಕರ ವಕೀಲರು ಇದನ್ನು ಬಲ್ಲರು; ಆದುದರಿಂದ ಅವರ ಕರಡಿನಲ್ಲಿ ಆ ಬೇರೆ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಣವನ್ನು ಕಂತುಗಳಲ್ಲಿ ಕೊಡುವ ರೂಢಿಯುಂಟು: ಸಹಿಯ ದಿನ, ಮೊದಲ ಕರಡಿನ ದಿನ, ಕೊನೆಯ ಕರಡಿನ ದಿನ. ಕೊನೆಯ ಕಂತನ್ನು ಚಿತ್ರೀಕರಣದ ಆರಂಭಕ್ಕೋ ಬಿಡುಗಡೆಗೋ ಕಟ್ಟಿದ್ದರೆ ಅದು ಕೈಸೇರದೆಂದು ತಿಳಿದೇ ಸಹಿ ಹಾಕಬೇಕು; ಚಿತ್ರ ನಿಲ್ಲಲು ನೂರು ಕಾರಣಗಳು, ಅವುಗಳಲ್ಲಿ ಒಂದೂ ಲೇಖಕನ ಕೈಯಲ್ಲಿಲ್ಲ. ಎಷ್ಟು ಸಲ ತಿದ್ದಿ ಬರೆಯಬೇಕೆಂಬುದನ್ನೂ ನಮೂದಿಸಬೇಕು. ಇಲ್ಲವಾದರೆ ತಿದ್ದುವಿಕೆಗೆ ಕೊನೆಯಿಲ್ಲ.

ಮುಂಬಯಿಯಲ್ಲಿ ಕಥೆಯನ್ನು ಬಾಯಲ್ಲಿ ಹೇಳಿ ಮೆಚ್ಚಿಸುವ ಪದ್ಧತಿ ಇನ್ನೂ ಬಲವಾಗಿದೆ. ಆನಂದರ ನಾಟಕವೂ ಓದಿಯೇ ಹೋದುದು. ಹೇಳುವ ಮುನ್ನ ಪ್ರತಿಯನ್ನು ಚಿತ್ರಕಥೆಗಾರರ ಸಂಘದಲ್ಲಿಯೋ ಕೃತಿಸ್ವಾಮ್ಯ ಕಚೇರಿಯಲ್ಲಿಯೋ ನೋಂದಾಯಿಸುವುದು ವಿಹಿತ. ನೋಂದಣಿಯಿಂದ ಸ್ವಾಮ್ಯ ಹುಟ್ಟುವುದಿಲ್ಲ, ಬರೆದಾಗಲೇ ಅದು ಹುಟ್ಟಿರುತ್ತದೆ. ಇಂಥ ದಿನ ಇಂಥ ಪ್ರತಿ ಇದ್ದಿತೆಂಬುದಕ್ಕೆ ಅದು ಸಾಕ್ಷಿ. ಎರಡು ಪುಟದ ಸಾರಾಂಶವನ್ನು ನೋಂದಾಯಿಸಿ ನಿಶ್ಚಿಂತರಾಗುವವರುಂಟು. 1978ರ ತೀರ್ಪನ್ನು ಓದಿದವರು ಹಾಗೆ ಮಾಡಲಾರರು. ಎರಡು ಪುಟದಲ್ಲಿ ಬಯಲಿನ ವರ್ಣನೆಯಿದ್ದೀತು, ಚಕ್ಕುಬಂದಿ ಇರದು. ದೃಶ್ಯ ದೃಶ್ಯವಾಗಿ ಬರೆದ ಪೂರ್ಣ ಪ್ರತಿಯೇ ಆಸ್ತಿ. 1998ರಲ್ಲಿ ಕೇಂದ್ರ ಸರಕಾರವು ಚಿತ್ರನಿರ್ಮಾಣಕ್ಕೆ ಉದ್ಯಮದ ಸ್ಥಾನ ಘೋಷಿಸಿ, 2000ದಲ್ಲಿ ಐ.ಡಿ.ಬಿ.ಐ. ಕಾಯಿದೆಯಡಿ ಸಾಂಸ್ಥಿಕ ಸಾಲಕ್ಕೆ ಅರ್ಹವೆಂದು ಮಾನ್ಯಮಾಡಿದ ಮೇಲೆ ಈ ಪ್ರತಿಗೆ ಇನ್ನೊಂದು ಬೆಲೆಯೂ ಬಂದಿದೆ. ಚಿತ್ರದ ಹಕ್ಕುಗಳನ್ನು ಆಧಾರವಾಗಿ ಹಿಡಿಯುವ ಸಾಲಗಾರ ಸಂಸ್ಥೆಯು ಆ ಹಕ್ಕುಗಳ ಬೇರನ್ನು ನೋಡಲೇಬೇಕು. ಬೇರಿನಲ್ಲಿರುವುದು ಲೇಖಕನ ಸಹಿ.

ಕಸುಬಿನಿಂದ ಜೀವನ ಸಾಗೀತೇ ಎಂದು ಕೇಳಿದರೆ, ಆದಾಯ ಬರುವ ಬಗೆಯನ್ನು ನೋಡಿ ಉತ್ತರಿಸಬೇಕಾಗುತ್ತದೆ. ಅದು ತಿಂಗಳ ಸಂಬಳದಂತೆ ಬರದು; ಮಳೆಯಾಶ್ರಯದ ಬೆಳೆಯಂತೆ ಒಂದು ವರ್ಷ ಬಂದು ಎರಡು ವರ್ಷ ಬರದಿರಬಹುದು. ಗಿರೀಶ ಕಾರ್ನಾಡರು 1963ರಿಂದ 1970ರ ವರೆಗೆ ಮದರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರ ಉದ್ಯೋಗದಲ್ಲಿದ್ದೇ ಬರೆದರು; 'ಸಂಸ್ಕಾರ'ದ ಚಿತ್ರಕಥೆ ಆ ಅವಧಿಯದು. ಮುಂದೆ 'ಭೂಮಿಕಾ'ಕ್ಕಾಗಿ ಶ್ಯಾಂ ಬೆನೆಗಲ್, ಸತ್ಯದೇವ ದುಬೆಯವರೊಡನೆ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡರು. ಉದ್ಯೋಗ ಬಿಡಲು ಅವಸರಪಡದಿರುವುದು ಹೇಡಿತನವಲ್ಲ. ವೇಳೆಯ ಅಭಾವವನ್ನು ಮುಂದುಮಾಡುವವರಿಗೆ ನನ್ನ ಸಹಾನುಭೂತಿ ಸ್ವಲ್ಪ ಕಡಮೆ. ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವವನೂ ದೃಶ್ಯವೊಂದನ್ನು ಮನಸ್ಸಿನಲ್ಲಿ ಮೂರು ಬಗೆಯಾಗಿ ಜೋಡಿಸಿ ನೋಡಬಲ್ಲ.

ಹೊರನಾಡಿನಲ್ಲಿದ್ದು ಕನ್ನಡ ಚಿತ್ರಕ್ಕೆ ಬರೆಯುವವರು ಗಮನಿಸಬೇಕಾದ ಕಲಮು ಇನ್ನೊಂದುಂಟು. 1976ರ 'ಪ್ರೇಮದ ಕಾಣಿಕೆ' ಮತ್ತು 'ರಾಜ ನನ್ನ ರಾಜ' ಎಂಬ ರಾಜಕುಮಾರ್ ಅಭಿನಯದ ಎರಡು ಚಿತ್ರಗಳ ಕಥೆ ಸಲೀಂ-ಜಾವೇದರದು. ಹಿಂದಿಯ ಲೇಖಕರ ಕಥೆ ಕನ್ನಡದಲ್ಲಿ ಚಿತ್ರವಾಯಿತು. 'ಪ್ರೇಮದ ಕಾಣಿಕೆ' ಅಲ್ಲಿಂದ 1980ರಲ್ಲಿ 'ಪೊಲ್ಲಾದವನ್' ಎಂದು ತಮಿಳಿಗೆ ಹೋಗಿ ರಜನೀಕಾಂತರ ಚಿತ್ರವಾಯಿತು. ರೈಲಿನಲ್ಲಿ ಕೊಲೆಯೊಂದನ್ನು ಕಂಡ ಹೆಣ್ಣು ತಾನು ಕೆಲಸಕ್ಕೆ ಸೇರಿದ ಮನೆಯ ಯಜಮಾನನಲ್ಲಿಯೇ ಆ ಕೊಲೆಗಾರನ ಮುಖವನ್ನು ಕಾಣುವ ಸನ್ನಿವೇಶಕ್ಕೆ ಭಾಷೆಯ ಗಡಿಯಿಲ್ಲ. ಗಟ್ಟಿಯಾಗಿ ಕಟ್ಟಿದ ಚಿತ್ರಕಥೆ ಹೀಗೆಯೇ ಸಂಚರಿಸುತ್ತದೆ. ಪ್ರದೇಶವನ್ನು ನಮೂದಿಸದಿದ್ದಾಗ ಕಾಯಿದೆ ತಾನೇ ಒಂದು ಗಡಿ ಹಾಕಿಕೊಡುತ್ತದೆ, ಭಾಷೆಗೆ ಅಂಥ ಗಡಿಯನ್ನು ಹಾಕುವುದಿಲ್ಲ. ಕರಾರಿನಲ್ಲಿ 'ಕನ್ನಡ ಚಿತ್ರವೊಂದಕ್ಕೆ ಮಾತ್ರ' ಎಂಬ ಮೂರು ಪದಗಳನ್ನು ಸೇರಿಸಿ, ಮರುನಿರ್ಮಾಣದ ಹಕ್ಕನ್ನು ಭಾಷೆಭಾಷೆಗೂ ಪ್ರತ್ಯೇಕವಾಗಿ, ಪ್ರತ್ಯೇಕ ಮೊಬಲಗಿಗೆ ಬರೆದುಕೊಡುವುದನ್ನು ಲೇಖಕನೇ ಕೇಳಿ ಪಡೆಯಬೇಕು.